ಮನೆಯ ಡಿವಿಡಿ, ವಿಸಿಡಿಗಳಿಂದ ಒಳ್ಳೆಯ ಪ್ರತಿ ತೆಗೆಯುವುದು: ಎನ್‌ಕೋಡಿಂಗ್ ಸೆಟ್ಟಿಂಗ್‌ಗಳನ್ನು ಆರಿಸುವ ಬಗೆ

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಆಸೆಯಿಂದ ಕೊಂಡು ತಂದ ಕನ್ನಡ ಚಿತ್ರಗಳ ಡಿಸ್ಕ್‌ಗಳು ಇನ್ನೂ ಅನೇಕರ ಮನೆಯ ಕಪಾಟಿನಲ್ಲಿವೆ. ಆದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇರುವುದಿಲ್ಲ, ಹಳೆಯ ಪ್ಲೇಯರ್ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದಿಲ್ಲ, ಡಿಸ್ಕ್‌ಗಳ ಮೇಲಿನ ಗೀರುಗಳು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುತ್ತವೆ. ಹೀಗಾಗಿ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ‘ಬಿಟ್‌ರೇಟ್ (ಒಂದು ಸೆಕೆಂಡಿನ ಚಿತ್ರಕ್ಕೆ ಬಳಸುವ ದತ್ತಾಂಶ) ಎಷ್ಟಿಡಬೇಕು?’ ಎಂಬುದು. ನನ್ನ ಅನುಭವದಲ್ಲಿ ಪ್ರತಿಗಳು ಕೆಡುವುದು ಬಿಟ್‌ರೇಟ್ ಸಾಲದೆ ಅಲ್ಲ. ಡಿಸ್ಕಿನಲ್ಲಿರುವ ಚಿತ್ರ ಯಾವ ಸ್ವರೂಪದ್ದು ಎಂದು ನೋಡದೆ ಗುಂಡಿ ಒತ್ತಿದ್ದರಿಂದ ಅವು ಕೆಡುತ್ತವೆ. ಒಂದು ಬೇಸಿಗೆ ರಜೆಯಲ್ಲಿ ನಾನು ಸುಮಾರು ಮೂವತ್ತು ಡಿವಿಡಿಗಳನ್ನು ಒಂದೇ ಸೆಟ್ಟಿಂಗಿನಲ್ಲಿ ಪರಿವರ್ತಿಸಿಟ್ಟೆ. ಆರು ತಿಂಗಳ ನಂತರ ದೊಡ್ಡ ಟಿವಿಯಲ್ಲಿ ಹಾಕಿ ನೋಡಿದಾಗ ಅರ್ಧಕ್ಕೂ ಹೆಚ್ಚು ಪ್ರತಿಗಳಲ್ಲಿ ಓಡುವವರ ಕೈಕಾಲುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಎದ್ದು ಕಂಡವು, ಮತ್ತೆ ಮೊದಲಿನಿಂದ ಎಲ್ಲವನ್ನೂ ಮಾಡಬೇಕಾಯಿತು. ಈ ಬರಹದಲ್ಲಿ ಹೇಳಿರುವ ಕ್ರಮವನ್ನು ನಾನು ಕಲಿತದ್ದು ಆ ಕೆಲಸದಿಂದಲೇ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವುದೆಲ್ಲ ನೀವೇ ಹಣ ಕೊಟ್ಟು ಕೊಂಡ ಡಿಸ್ಕಿನಿಂದ ನಿಮ್ಮ ಮನೆಯಲ್ಲಿ ನೋಡಲು ತೆಗೆಯುವ ಪ್ರತಿಗೆ ಸಂಬಂಧಿಸಿದ್ದು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಸ್ವಂತ ಬಳಕೆಗಾಗಿ ಮಾಡುವ ನ್ಯಾಯಯುತ ವ್ಯವಹಾರಕ್ಕೆ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ, ಪ್ರತಿ ತೆಗೆಯದಂತೆ ಹಾಕಿದ ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಅಮೆರಿಕದಂಥ ದೇಶಗಳಲ್ಲಿ ಬೀಗದ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿರುವುದರಿಂದ ಅಲ್ಲಿರುವ ಕನ್ನಡಿಗರು ಅಲ್ಲಿನ ಕಾನೂನನ್ನು ತಿಳಿದುಕೊಂಡು ಮುಂದುವರಿಯಬೇಕು. ತೆಗೆದ ಪ್ರತಿಯನ್ನು ಹಂಚುವುದು ಎಲ್ಲಿಯೂ ಸರಿಯಲ್ಲ.

ಮೊದಲು ಡಿಸ್ಕ್ ಪೂರ್ತಿ ಹಾರ್ಡ್‌ಡಿಸ್ಕಿಗೆ

ಡ್ರೈವಿನಲ್ಲಿರುವ ಡಿಸ್ಕಿನಿಂದ ನೇರವಾಗಿ ಎನ್‌ಕೋಡ್ ಮಾಡಬೇಡಿ, ಅಂದರೆ ಚಿತ್ರವನ್ನು ಒತ್ತಿ ಚಿಕ್ಕ ಕಡತವಾಗಿಸಬೇಡಿ. ಸೆಟ್ಟಿಂಗ್ ತಪ್ಪಿದಾಗಲೆಲ್ಲ ಹಳೆಯ ಡಿಸ್ಕನ್ನು ಮತ್ತೆ ಮತ್ತೆ ತಿರುಗಿಸುವುದು ಅದಕ್ಕೆ ಹಿತವಲ್ಲ. ಮೆತ್ತನೆಯ ಹತ್ತಿಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ; ವೃತ್ತಾಕಾರದಲ್ಲಿ ಒರೆಸಿದರೆ ಆಗುವ ಗೀರು ದತ್ತಾಂಶದ ಸುರುಳಿಯ ಉದ್ದಕ್ಕೂ ಬಿದ್ದು ಓದುವುದಕ್ಕೆ ಹೆಚ್ಚು ಅಡ್ಡಿಯಾಗುತ್ತದೆ. ಆಮೇಲೆ ಇಡೀ ಡಿಸ್ಕನ್ನು ಐಎಸ್‌ಒ ಕಡತವಾಗಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ ಹಿಡಿಯುತ್ತದೆ. ಇಂದಿನ ಹಾರ್ಡ್‌ಡಿಸ್ಕಿಗೆ ಇದು ಹೊರೆಯಲ್ಲ. ಗೀರುಬಿದ್ದ ಡಿಸ್ಕ್ ನಡುವೆಯೇ ನಿಂತುಹೋದರೆ ಲಿನಕ್ಸಿನಲ್ಲಿ ಸಿಗುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ನೆರವಿಗೆ ಬರುತ್ತದೆ. ಅದು ಓದಲು ಬರುವ ಭಾಗಗಳನ್ನೆಲ್ಲ ಮೊದಲು ತೆಗೆದುಕೊಂಡು, ಕೆಟ್ಟ ಭಾಗಗಳನ್ನು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಡ್ರೈವ್ ಓದುವುದು ಅಪರೂಪವೇನಲ್ಲ, ಆದ್ದರಿಂದ ನೆರೆಯವರ ಹಳೆಯ ಡ್ರೈವನ್ನು ಕೇಳಿ ತಂದು ನೋಡದೆ ಡಿಸ್ಕ್ ಸತ್ತಿದೆಯೆಂದು ತೀರ್ಮಾನಿಸಬೇಡಿ.

ಈ ಐಎಸ್‌ಒ ಕಡತವೇ ನಿಜವಾದ ಪ್ರತಿ. ಒಂದು ಬಿಟ್ ಕೂಡ ಬದಲಾಗಿರುವುದಿಲ್ಲ. ಜಾಗವಿದ್ದರೆ ಇದನ್ನು ಅಳಿಸದೆ ಇಟ್ಟುಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಎನ್‌ಕೋಡ್ ಮಾಡಿದ ಕಡತ ಎಷ್ಟೇ ಚೆನ್ನಾಗಿದ್ದರೂ ಡಿಸ್ಕಿಗಿಂತ ಒಂದು ಮೆಟ್ಟಿಲು ಕೆಳಗೇ ಇರುತ್ತದೆ, ಏಕೆಂದರೆ ಡಿವಿಡಿಗಾಗಿ ಆಗಲೇ ಎಂಪೆಗ್-2 ಎಂಬ ವಿಧಾನದಲ್ಲಿ ಒಮ್ಮೆ ಒತ್ತಿದ ಚಿತ್ರವನ್ನು ನಾವು ಇನ್ನೊಮ್ಮೆ ಒತ್ತುತ್ತಿದ್ದೇವೆ.

ವಿಸಿಡಿಗಳನ್ನು ಎನ್‌ಕೋಡ್ ಮಾಡಲೇಬೇಡಿ

ವಿಸಿಡಿಯ ಚಿತ್ರ ಎಂಪೆಗ್-1ರಲ್ಲಿದ್ದು, ಅಗಲ 352, ಎತ್ತರ ಸಾಮಾನ್ಯವಾಗಿ 288 ಪಿಕ್ಸೆಲ್, ಬಿಟ್‌ರೇಟ್ ಸೆಕೆಂಡಿಗೆ 1150 ಕಿಲೋಬಿಟ್ ಮಾತ್ರ. ಅದನ್ನು ಮತ್ತೊಮ್ಮೆ ಒತ್ತಿದರೆ ಉಳಿಯುವ ಜಾಗ ಅತ್ಯಲ್ಪ, ಕಳೆದುಕೊಳ್ಳುವ ವಿವರ ಹೆಚ್ಚು. ಡಿಸ್ಕಿನ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿರುವ, ಹೆಸರು ‘.DAT’ ಎಂದು ಕೊನೆಗೊಳ್ಳುವ ಕಡತಗಳೇ ಚಿತ್ರ. ಅವನ್ನು ಎಂಪೆಗ್ ಕಡತವಾಗಿ ಹೊರತೆಗೆಯಲು ವಿಸಿಡಿಇಮೇಜರ್ ತಂತ್ರಾಂಶ ಸಾಕು. ಒಂದು ಚಿತ್ರ ಎರಡು ಮೂರು ಡಿಸ್ಕ್‌ಗಳಲ್ಲಿ ಹಂಚಿಹೋಗಿರುತ್ತದೆಯಷ್ಟೆ; ಎಂಕೆವಿಟೂಲ್‌ನಿಕ್ಸ್ ತಂತ್ರಾಂಶದಲ್ಲಿ ಅವನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಮರು ಎನ್‌ಕೋಡಿಂಗ್ ಇಲ್ಲದೆಯೇ ಒಂದೇ ಎಂಕೆವಿ ಕಡತ ಸಿದ್ಧವಾಗುತ್ತದೆ. ವಿಸಿಡಿಯಲ್ಲಿ ವೀಡಿಯೊಗೆ ಬಳಸುವ ಸೆಕ್ಟರುಗಳಲ್ಲಿ ದೋಷ ತಿದ್ದುವ ಹೆಚ್ಚುವರಿ ದತ್ತಾಂಶ ಇರುವುದಿಲ್ಲವಾದ್ದರಿಂದ ಗೀರಿನ ಹಾನಿ ಅದರಲ್ಲಿ ಬೇಗ ಕಾಣುತ್ತದೆ. ಎಲ್ಲಕ್ಕಿಂತ ಮೊದಲು ಇಳಿಸಿಕೊಳ್ಳಬೇಕಾದವು ಇವೇ.

ಚಿತ್ರವನ್ನು ನಿಲ್ಲಿಸಿ, ಒಂದೊಂದು ಫ್ರೇಮ್ ನೋಡಿ

ಡಿವಿಡಿಯ ವಿಷಯದಲ್ಲಿ ಅತಿ ಮುಖ್ಯವಾದ, ಆದರೆ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಚಿತ್ರಮಂದಿರದ ರೀಲಿನಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವೆ. ಡಿವಿಡಿ ಎರಡು ಬಗೆಯಲ್ಲಿರುತ್ತದೆ. ಪಾಲ್ ಪದ್ಧತಿಯಲ್ಲಿ 720 ಅಡ್ಡ 576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 720 ಅಡ್ಡ 480 ಪಿಕ್ಸೆಲ್, ಸೆಕೆಂಡಿಗೆ 29.97 ಫ್ರೇಮ್. ನಮ್ಮ ದೇಶದ ದೂರದರ್ಶನ ಪದ್ಧತಿ ಪಾಲ್ ಆಗಿದ್ದರೂ ಹೊರದೇಶದ ಮಾರುಕಟ್ಟೆಯನ್ನೂ ಗಮನದಲ್ಲಿಟ್ಟುಕೊಂಡು ಎನ್‌ಟಿಎಸ್‌ಸಿಯಲ್ಲಿ ಹೊರತಂದ ಭಾರತೀಯ ಚಿತ್ರಗಳ ಡಿವಿಡಿಗಳು ಬಹಳಷ್ಟಿವೆ. ಆದ್ದರಿಂದ ಬೆಂಗಳೂರಿನಲ್ಲಿ ಕೊಂಡದ್ದು ಎಂಬ ಕಾರಣಕ್ಕೆ ಅದು ಪಾಲ್ ಎಂದು ಭಾವಿಸಬೇಡಿ. ಮೀಡಿಯಾಇನ್ಫೊ ಎಂಬ ಸಣ್ಣ ತಂತ್ರಾಂಶ ಈ ವಿವರಗಳನ್ನು ಕ್ಷಣದಲ್ಲಿ ತೋರಿಸುತ್ತದೆ.

ನಂತರ ವಿಎಲ್‌ಸಿ ಪ್ಲೇಯರಿನಲ್ಲಿ ಚಿತ್ರ ತೆರೆದು, ವೀಡಿಯೊ ಮೆನುವಿನಲ್ಲಿ ಡಿಇಂಟರ್‌ಲೇಸ್ (ಬಾಚಣಿಗೆಯ ಗೆರೆಗಳನ್ನು ಅಳಿಸುವ ಆಯ್ಕೆ) ಎಂಬುದನ್ನು ಆಫ್ ಮಾಡಿ. ಯಾರಾದರೂ ಎಡದಿಂದ ಬಲಕ್ಕೆ ಓಡುವ ಅಥವಾ ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ನಿಲ್ಲಿಸಿ, ಕೀಲಿಮಣೆಯ ‘ಇ’ ಕೀಲಿಯನ್ನು ಒತ್ತುತ್ತ ಒಂದೊಂದೇ ಫ್ರೇಮ್ ಮುಂದೆ ಹೋಗಿ, ಕನಿಷ್ಠ ಇಪ್ಪತ್ತು ಫ್ರೇಮ್ ನೋಡಿ. ಆಗ ಕಾಣುವುದನ್ನು ಅವಲಂಬಿಸಿ ಮುಂದಿನ ಆಯ್ಕೆ ನಿಂತಿದೆ. ಎನ್‌ಕೋಡ್ ಮಾಡಲು ನಾನು ಬಳಸುವುದು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ; ಮುಂದೆ ಹೇಳುವ ಶೋಧಕಗಳು (ಫಿಲ್ಟರ್) ಅದರಲ್ಲಿವೆ.

ಯಾವ ಫ್ರೇಮಿನಲ್ಲೂ ಬಾಚಣಿಗೆಯ ಗೆರೆಗಳಿಲ್ಲದಿದ್ದರೆ ಯಾವ ಶೋಧಕವೂ ಬೇಡ, ಎಲ್ಲವನ್ನೂ ಆಫ್ ಮಾಡಿ. ಎನ್‌ಟಿಎಸ್‌ಸಿ ಡಿಸ್ಕಿನಲ್ಲಿ ಮೂರು ಫ್ರೇಮ್ ಶುದ್ಧ, ಎರಡು ಫ್ರೇಮ್ ಗೆರೆಗೆರೆ, ಮತ್ತೆ ಮೂರು ಶುದ್ಧ ಎಂಬ ಲಯ ಕಂಡರೆ ಅದು ಟೆಲಿಸಿನ್. 24 ಚಿತ್ರಗಳನ್ನು 30ರ ಲೆಕ್ಕಕ್ಕೆ ಹಿಗ್ಗಿಸಲು ಪ್ರತಿ ನಾಲ್ಕು ಚಿತ್ರಗಳನ್ನು ಸಾಲು ಬಿಟ್ಟು ಸಾಲಿನ ಅರೆಚಿತ್ರಗಳಾಗಿ ಸೀಳಿ ಐದು ಫ್ರೇಮುಗಳಲ್ಲಿ ಹಂಚಿರುತ್ತಾರೆ. ಇದನ್ನು ಡಿಇಂಟರ್‌ಲೇಸ್ ಮಾಡಿದರೆ ಗೆರೆ ಹೋಗುತ್ತದೆ, ಆದರೆ ವಿವರವೂ ಹೋಗುತ್ತದೆ, ಚಲನೆಯೂ ತಡವರಿಸುತ್ತದೆ. ಇಲ್ಲಿ ಬೇಕಾದದ್ದು ಡಿಟೆಲಿಸಿನ್. ಅದು ಸೀಳಿದ್ದನ್ನು ಮತ್ತೆ ಜೋಡಿಸಿ ಮೂಲದ 24ರ ಲಯವನ್ನು ಮರಳಿ ಕೊಡುತ್ತದೆ. ಎಲ್ಲ ಫ್ರೇಮುಗಳಲ್ಲೂ ಗೆರೆಗಳಿದ್ದರೆ ಅದು ನಿಜವಾಗಿ ವೀಡಿಯೊ ಕ್ಯಾಮೆರಾದಲ್ಲಿ ತೆಗೆದದ್ದಿರಬಹುದು. ಧಾರಾವಾಹಿ, ರಂಗಭೂಮಿಯ ನಾಟಕ, ಮದುವೆಯ ವೀಡಿಯೊಗಳು ಸಾಮಾನ್ಯವಾಗಿ ಹೀಗಿರುತ್ತವೆ. ಪಾಲ್ ಪದ್ಧತಿಯ ಇಂಥವಕ್ಕೆ ಬಿಡಬ್ಲ್ಯೂಡಿಐಎಫ್ ಎಂಬ ಡಿಇಂಟರ್‌ಲೇಸ್ ಶೋಧಕವನ್ನು, ಪ್ರತಿ ಅರೆಚಿತ್ರವನ್ನೂ ಒಂದು ಪೂರ್ಣ ಫ್ರೇಮ್ ಮಾಡುವ ಬಾಬ್ ಆಯ್ಕೆಯೊಂದಿಗೆ ಹಾಕಿ, ಫ್ರೇಮ್ ದರ 50 ಇಟ್ಟರೆ ಚಲನೆ ಟಿವಿಯಲ್ಲಿ ಕಂಡಷ್ಟೇ ನುಣುಪಾಗಿ ಉಳಿಯುತ್ತದೆ. ಕೆಲವೇ ಕಡೆ, ಅಲ್ಲೊಂದು ಇಲ್ಲೊಂದು ಗೆರೆ ಕಂಡರೆ ಇಂಟರ್‌ಲೇಸ್ ಪತ್ತೆಯನ್ನು ಆನ್ ಮಾಡಿ ಡಿಕಾಂಬ್ ಆರಿಸಿ. ಅದು ಗೆರೆಯಿರುವ ಫ್ರೇಮನ್ನು ಮಾತ್ರ ಮುಟ್ಟಿ ಉಳಿದವನ್ನು ಹಾಗೆಯೇ ಬಿಡುತ್ತದೆ.

ಇನ್ನೊಂದು ಬಗೆಯಿದೆ, ಅದು ದುಃಖದ್ದು. ಗೆರೆಗಳಿಲ್ಲ, ಆದರೆ ಕೆಲವು ಫ್ರೇಮುಗಳಲ್ಲಿ ಒಂದರ ಮೇಲೊಂದು ಎರಡು ನೆರಳುಗಳಂತೆ ಚಿತ್ರ ಬೆರೆತಿರುತ್ತದೆ. ಪಾಲ್ ಪ್ರತಿಯನ್ನು ಅಗ್ಗದಲ್ಲಿ ಎನ್‌ಟಿಎಸ್‌ಸಿಗೆ ಬದಲಾಯಿಸುವಾಗ ಆದ ಹಾನಿ ಇದು. ಹ್ಯಾಂಡ್‌ಬ್ರೇಕಿನ ಯಾವ ಶೋಧಕವೂ ಇದನ್ನು ಬಿಡಿಸಲಾರದು. ಅದೇ ಚಿತ್ರದ ಬೇರೆ ಮುದ್ರಣದ ಡಿಸ್ಕ್ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುವುದೊಂದೇ ದಾರಿ.

ಪಾಲ್ ಡಿಸ್ಕಿನಲ್ಲಿ 24ರ ಚಿತ್ರವನ್ನು 25ರ ವೇಗದಲ್ಲಿ ಓಡಿಸಿರುವುದರಿಂದ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಇದು ತಿಳಿದವರು ಹ್ಯಾಂಡ್‌ಬ್ರೇಕಿನ ಫ್ರೇಮ್ ದರದಲ್ಲಿ 24 ಎಂದು ಆರಿಸಿ ಸರಿಪಡಿಸಲು ಹೋಗುವುದುಂಟು. ಆ ಆಯ್ಕೆ ಚಿತ್ರವನ್ನು ನಿಧಾನ ಮಾಡುವುದಿಲ್ಲ. ಪ್ರತಿ ಸೆಕೆಂಡಿಗೆ ಒಂದು ಫ್ರೇಮನ್ನು ಎಸೆಯುತ್ತದೆ, ಚಲನೆ ಸೆಕೆಂಡಿಗೊಮ್ಮೆ ಎಡವುತ್ತದೆ. ಚಲನಚಿತ್ರಗಳಿಗೆ ಫ್ರೇಮ್ ದರವನ್ನು ಯಾವಾಗಲೂ ‘ಮೂಲದಲ್ಲಿರುವಂತೆ’ ಎಂದೇ ಇಡಿ.

ಕತ್ತರಿಸುವುದು ಮತ್ತು ಆಕಾರ

ಡಿವಿಡಿಯ ಪಿಕ್ಸೆಲ್‌ಗಳು ಚೌಕಾಕಾರದವಲ್ಲ. ಅದೇ 720 ಅಡ್ಡ 576ರ ಚಿತ್ರ 4:3 ಎಂದು ಗುರುತಿಸಿದ್ದರೆ 768ರ ಅಗಲಕ್ಕೂ, 16:9 ಎಂದಿದ್ದರೆ 1024ರ ಅಗಲಕ್ಕೂ ಹಿಗ್ಗಿ ಕಾಣಬೇಕು. ಹ್ಯಾಂಡ್‌ಬ್ರೇಕಿನಲ್ಲಿ ಅನಾಮಾರ್ಫಿಕ್ ಆಯ್ಕೆಯನ್ನು ಆಟೋ ಎಂದು ಬಿಟ್ಟರೆ ಇದು ತಾನಾಗಿ ಸರಿಹೋಗುತ್ತದೆ. ಡಿಸ್ಕಿನ ಗುರುತೇ ತಪ್ಪಾಗಿರುವುದೂ ಉಂಟು. ಮುಖಗಳು ಉದ್ದುದ್ದವಾಗಿ ಅಥವಾ ದಪ್ಪವಾಗಿ ಕಂಡರೆ ಹುಣ್ಣಿಮೆಯ ಚಂದ್ರ, ಗಾಡಿಯ ಚಕ್ರ, ಗೋಡೆ ಗಡಿಯಾರ ಇವುಗಳಲ್ಲಿ ಒಂದನ್ನು ಚಿತ್ರದಲ್ಲಿ ಹುಡುಕಿ ದುಂಡಗಿದೆಯೇ ನೋಡಿ.

ಸಿನಿಮಾಸ್ಕೋಪ್ ಚಿತ್ರಗಳ ಸ್ಥಿತಿಯನ್ನು ಇಲ್ಲಿ ಹೇಳಲೇಬೇಕು. 2.35:1ರ ಅಗಲದ ಚಿತ್ರವನ್ನು 4:3 ಚೌಕಟ್ಟಿನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಕೂರಿಸಿದ್ದರೆ, 576 ಸಾಲುಗಳಲ್ಲಿ ನಿಜವಾದ ಚಿತ್ರಕ್ಕೆ ಸಿಕ್ಕಿರುವುದು ಸುಮಾರು 327 ಮಾತ್ರ. 16:9 ಡಿಸ್ಕಾದರೆ ಅದೇ ಚಿತ್ರಕ್ಕೆ ಸುಮಾರು 436 ಸಾಲುಗಳು ಸಿಗುತ್ತವೆ. ಆದ್ದರಿಂದ ಒಂದೇ ಚಿತ್ರದ ಎರಡು ಮುದ್ರಣಗಳು ನಿಮ್ಮ ಬಳಿ ಇದ್ದರೆ ಹೊದಿಕೆಯ ಅಂದ ನೋಡದೆ 16:9 ಇರುವುದನ್ನು ಆರಿಸಿ. ಯಾವ ಸೆಟ್ಟಿಂಗೂ ತಂದುಕೊಡಲಾರದ ಲಾಭ ಅದರಿಂದ ಬರುತ್ತದೆ. ಕಪ್ಪು ಪಟ್ಟಿಗಳನ್ನು ಕತ್ತರಿಸಲು ಹ್ಯಾಂಡ್‌ಬ್ರೇಕ್ ತಾನೇ ಅಳತೆ ಹೇಳುತ್ತದೆ, ಆದರೆ ಕತ್ತಲ ದೃಶ್ಯಗಳು ಹೆಚ್ಚಿರುವ ಚಿತ್ರದಲ್ಲಿ ಅದು ತಪ್ಪಬಹುದು. ಮುನ್ನೋಟದಲ್ಲಿ ಕಣ್ಣಾರೆ ನೋಡಿ ಒಪ್ಪಿ. ಕೆಲವು ಡಿಸ್ಕ್‌ಗಳಲ್ಲಿ ಅಡಿಬರಹಗಳು ಕೆಳಗಿನ ಕಪ್ಪು ಪಟ್ಟಿಯ ಮೇಲೆಯೇ ಅಚ್ಚಾಗಿರುತ್ತವೆ, ಅಂಥಲ್ಲಿ ಕೆಳಭಾಗವನ್ನು ಕತ್ತರಿಸಬಾರದು.

ಚಿತ್ರವನ್ನು 1080ಕ್ಕೆ ಹಿಗ್ಗಿಸಿ ಉಳಿಸಿದರೆ ಚೆನ್ನಾಗಿ ಕಾಣುತ್ತದೆಂಬ ನಂಬಿಕೆ ಬಲವಾಗಿದೆ. ಡಿಸ್ಕಿನಲ್ಲಿಲ್ಲದ ವಿವರ ಅದರಿಂದ ಹುಟ್ಟುವುದಿಲ್ಲ, ಕಡತ ಮಾತ್ರ ದೊಡ್ಡದಾಗುತ್ತದೆ. ಹಿಗ್ಗಿಸುವ ಕೆಲಸವನ್ನು ಟಿವಿ ಪ್ರತಿ ಸಲವೂ ಮಾಡಿಯೇ ಮಾಡುತ್ತದೆ, ಹತ್ತು ವರ್ಷದ ನಂತರದ ಟಿವಿ ಇನ್ನೂ ಚೆನ್ನಾಗಿ ಮಾಡೀತು. ಮೂಲದ ಅಳತೆಯಲ್ಲೇ ಬಿಡಿ.

ಗುಣಮಟ್ಟದ ಅಂಕಿ

ಈಗ ಬಿಟ್‌ರೇಟಿನ ಪ್ರಶ್ನೆಗೆ ಬರೋಣ. ಕಡತದ ಗಾತ್ರ ಇಷ್ಟೇ ಇರಬೇಕೆಂಬ ನಿರ್ಬಂಧ ಇಲ್ಲದಿದ್ದರೆ ಬಿಟ್‌ರೇಟನ್ನು ನೀವು ನಿಗದಿಪಡಿಸಲೇಬಾರದು. ನಾಲ್ಕು ಗೋಡೆಗಳ ನಡುವೆ ಇಬ್ಬರು ಕುಳಿತು ಮಾತಾಡುವ ದೃಶ್ಯಕ್ಕೆ ಬೇಕಾಗುವ ಬಿಟ್‌ಗಳಿಗೂ ಜೋಗ ಜಲಪಾತದ ಮುಂದೆ ಚಿತ್ರಿಸಿದ ಹಾಡಿಗೆ ಬೇಕಾಗುವ ಬಿಟ್‌ಗಳಿಗೂ ಹೋಲಿಕೆಯೇ ಇಲ್ಲ. ಎನ್‌ಕೋಡರ್ ಉಳಿತಾಯ ಮಾಡುವುದು ಹಿಂದಿನ ಫ್ರೇಮಿನಲ್ಲಿದ್ದದ್ದನ್ನು ಮುಂದಿನದರಲ್ಲಿ ಮರುಬಳಸಿ. ಬೀಳುವ ನೀರು, ತುಂತುರು, ಅಲುಗಾಡುವ ಎಲೆಗಳಲ್ಲಿ ಮರುಬಳಸಲು ಏನೂ ಉಳಿದಿರುವುದಿಲ್ಲ. ಸ್ಥಿರ ಗುಣಮಟ್ಟದ ವಿಧಾನದಲ್ಲಿ ನಾವು ಗುಣಮಟ್ಟವನ್ನು ಹೇಳುತ್ತೇವೆ, ಎಲ್ಲಿ ಎಷ್ಟು ಬಿಟ್ ಬೇಕೆಂಬುದನ್ನು ಎನ್‌ಕೋಡರ್ ನಿರ್ಧರಿಸುತ್ತದೆ. ಹ್ಯಾಂಡ್‌ಬ್ರೇಕಿನಲ್ಲಿ ಇದಕ್ಕೆ ಆರ್‌ಎಫ್ ಎಂದು ಹೆಸರು. ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಗಾತ್ರವೂ ಏರುತ್ತದೆ. ಎಕ್ಸ್264 ಎನ್‌ಕೋಡರಿನಲ್ಲಿ ಆರು ಅಂಕಿ ಇಳಿಸಿದರೆ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಡಿವಿಡಿಗೆ ಹ್ಯಾಂಡ್‌ಬ್ರೇಕ್ ಬಳಗದವರೇ ಸೂಚಿಸುವ ವ್ಯಾಪ್ತಿ 18ರಿಂದ 22. ನಾನು 18ನ್ನು ಇಡುತ್ತೇನೆ. ಅದಕ್ಕಿಂತ ಕೆಳಗೆ ಹೋದರೆ ಎಂಪೆಗ್-2ರ ಕಲೆಗಳನ್ನು ನಿಷ್ಠೆಯಿಂದ ನಕಲು ಮಾಡಲು ಬಿಟ್‌ಗಳು ವ್ಯರ್ಥವಾಗುತ್ತವೆ, ಕಡತ ಕೆಲವೊಮ್ಮೆ ಮೂಲದಷ್ಟೇ ದೊಡ್ಡದಾಗುತ್ತದೆ. ಹಾಗಾದರೆ ಎನ್‌ಕೋಡ್ ಮಾಡುವುದಕ್ಕೆ ಅರ್ಥವಿಲ್ಲ. ಬ್ಲೂ-ರೇ ಡಿಸ್ಕಿನ 1080 ಸಾಲಿನ ಚಿತ್ರಕ್ಕೆ 20ರಿಂದ 24 ಸಾಕು, ಏಕೆಂದರೆ ಪಿಕ್ಸೆಲ್‌ಗಳು ಚಿಕ್ಕವಾದಷ್ಟೂ ಸಣ್ಣ ದೋಷಗಳು ಕಣ್ಣಿಗೆ ಬೀಳುವುದು ಕಡಿಮೆ. ಎಕ್ಸ್264ರ ಅಂಕಿಯನ್ನೂ ಅದರ ನಂತರ ಬಂದ ಎಕ್ಸ್265 ಎನ್‌ಕೋಡರಿನ ಅಂಕಿಯನ್ನೂ ಒಂದೇ ಎಂದು ತಿಳಿಯಬೇಡಿ. ಅವುಗಳ ಅಳತೆಗೋಲು ಬೇರೆ.

ಯಾವ ಎನ್‌ಕೋಡರ್ ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಡಿವಿಡಿಗೆ ಎಕ್ಸ್264 ಸಾಕು: ಹಳೆಯ ಟಿವಿ, ಮೊಬೈಲ್, ಪೆನ್‌ಡ್ರೈವ್ ಹಾಕುವ ಪ್ಲೇಯರ್ ಎಲ್ಲದರಲ್ಲೂ ಓಡುತ್ತದೆ. ಬ್ಲೂ-ರೇಗೆ ಎಕ್ಸ್265ರ 10 ಬಿಟ್ ಆಯ್ಕೆ ಒಳ್ಳೆಯದು. ಮೂಲ 8 ಬಿಟ್ ಆಗಿದ್ದರೂ 10 ಬಿಟ್‌ನಲ್ಲಿ ಒತ್ತಿದರೆ ಸಂಜೆಯ ಆಕಾಶ, ದೀಪದ ಸುತ್ತಲಿನ ಮಂದ ಬೆಳಕಿನಂಥ ಕಡೆ ಬಣ್ಣ ಪಟ್ಟಿಪಟ್ಟಿಯಾಗಿ ಒಡೆಯುವುದು ಕಡಿಮೆಯಾಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಬಹುದು, ಆದರೆ ಅದೇ ಗಾತ್ರದಲ್ಲಿ ತಂತ್ರಾಂಶದ ಎನ್‌ಕೋಡರ್ ಕೊಡುವ ಗುಣಮಟ್ಟವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಮ್ಮೆ ಮಾಡಿ ವರ್ಷಗಟ್ಟಲೆ ಇಡುವ ಪ್ರತಿಗೆ ವೇಗವನ್ನು ‘ಸ್ಲೋ’ಗೆ ಇಟ್ಟು, ರಾತ್ರಿ ಕಂಪ್ಯೂಟರ್ ಓಡಲು ಬಿಟ್ಟು ಮಲಗುವುದು ಒಳ್ಳೆಯದು. ಅದರಾಚೆಯ ‘ಪ್ಲಸೀಬೊ’ದಂಥ ಆಯ್ಕೆಗಳು ಹಲವು ಪಟ್ಟು ಸಮಯ ತಿಂದು ಕಣ್ಣಿಗೆ ಕಾಣುವ ಲಾಭ ಕೊಡುವುದಿಲ್ಲ.

ಫಿಲ್ಮಿನ ಕಾಳುಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಳೆಯ ಚಿತ್ರಗಳಲ್ಲಿ, ವಿಶೇಷವಾಗಿ ಕಪ್ಪು-ಬಿಳುಪಿನವುಗಳಲ್ಲಿ, ಪರದೆಯ ತುಂಬ ಸಣ್ಣ ಕಾಳುಗಳು ಮಿಡಿಯುವಂತೆ ಕಾಣುತ್ತವೆ. ಅದು ಕೊಳೆಯಲ್ಲ, ಫಿಲ್ಮಿನ ರಾಸಾಯನಿಕ ಪದರದ ಸ್ವಭಾವ. ಮುಖದ ಚರ್ಮ, ಸೀರೆಯ ನೇಯ್ಗೆ, ಮಣ್ಣಿನ ಗೋಡೆಯ ಒರಟು ಎಲ್ಲವೂ ಆ ಕಾಳುಗಳ ಮೂಲಕವೇ ನಮಗೆ ಕಾಣುತ್ತವೆ. ಡಿನಾಯ್ಸ್ ಶೋಧಕವನ್ನು ಜೋರಾಗಿ ಹಾಕಿದರೆ ಕಡತ ಚಿಕ್ಕದಾಗುತ್ತದೆ, ಮುಖಗಳು ಮಾತ್ರ ಮೇಣದ ಬೊಂಬೆಗಳಂತಾಗುತ್ತವೆ. ಹಾಗೆ ಅಳಿಸಿದ್ದನ್ನು ಮತ್ತೆ ತರಲಾಗದು. ಆದ್ದರಿಂದ ಡಿನಾಯ್ಸ್, ಶಾರ್ಪನ್ ಎರಡನ್ನೂ ಆಫ್ ಮಾಡಿ, ಟ್ಯೂನ್ ಎಂಬಲ್ಲಿ ಸಾಮಾನ್ಯ ಚಿತ್ರಗಳಿಗೆ ‘ಫಿಲ್ಮ್’, ಕಾಳು ದಟ್ಟವಾಗಿರುವವಕ್ಕೆ ‘ಗ್ರೇನ್’ ಆರಿಸಿ. ಗ್ರೇನ್ ಆರಿಸಿದಾಗ ಗಾತ್ರ ಬಹಳ ಬೆಳೆದರೆ ಆರ್‌ಎಫ್ ಅನ್ನು ಒಂದೆರಡು ಅಂಕಿ ಏರಿಸಿ ಸರಿದೂಗಿಸಬಹುದು.

ಇಡೀ ಚಿತ್ರವನ್ನು ಒತ್ತುವ ಮೊದಲು ಅದರ ಮೂರು ತುಣುಕುಗಳನ್ನು, ಒಂದೊಂದೂ ಒಂದೆರಡು ನಿಮಿಷದಷ್ಟು, ಪರೀಕ್ಷಿಸಿ: ಒಂದು ರಾತ್ರಿಯ ದೃಶ್ಯ, ಒಂದು ಗುಂಪು ನೃತ್ಯ ಅಥವಾ ಮಳೆಯ ಹಾಡು, ಒಂದು ಹತ್ತಿರದ ಮುಖ. ಹ್ಯಾಂಡ್‌ಬ್ರೇಕಿನಲ್ಲಿ ಅಧ್ಯಾಯದ ಬದಲು ಸೆಕೆಂಡುಗಳ ವ್ಯಾಪ್ತಿ ಕೊಟ್ಟು ಹೀಗೆ ತುಣುಕು ಮಾಡಬಹುದು. 18, 20, 22ರಲ್ಲಿ ಒಂದೊಂದು ಮಾಡಿ, ನೀವು ಚಿತ್ರ ನೋಡುವ ಟಿವಿಯಲ್ಲೇ, ಕೂರುವ ದೂರದಲ್ಲೇ ಕೂತು ನೋಡಿ. ವ್ಯತ್ಯಾಸ ಕಾಣದ ಅತಿ ದೊಡ್ಡ ಅಂಕಿಯೇ ನಿಮ್ಮದು. ಎರಡೂವರೆ ಗಂಟೆಯ ಚಿತ್ರ ಡಿವಿಡಿಯಿಂದ ನನಗೆ ಹೆಚ್ಚಾಗಿ 1ರಿಂದ 2 ಜಿಬಿಯೊಳಗೆ ಬಂದಿದೆ. ಕಾಳು ಹೆಚ್ಚಿರುವವು ಮೂರನ್ನೂ ದಾಟಿವೆ.

ಮತ್ತೆ ಡಿಸ್ಕಿಗೇ ಬರೆಯಬೇಕಾದರೆ

ಊರಿನಲ್ಲಿರುವ ಅಜ್ಜಿಗೆ ಡಿವಿಡಿ ಪ್ಲೇಯರೇ ಅಭ್ಯಾಸ ಎಂಬಂಥ ಕಾರಣಕ್ಕೆ ಗಾತ್ರದ ಮಿತಿ ಬಂದಾಗ ಮಾತ್ರ ಬಿಟ್‌ರೇಟ್ ಲೆಕ್ಕ ಹಾಕಿ, ಎರಡು ಸುತ್ತಿನ ಎನ್‌ಕೋಡಿಂಗ್ ಮಾಡಿ. ಡಿವಿಡಿ ಪ್ಲೇಯರಿಗೆ ಎಂಪೆಗ್-2 ಬೇಕು; ಹ್ಯಾಂಡ್‌ಬ್ರೇಕ್ ಡಿವಿಡಿಯನ್ನು ತಯಾರಿಸುವುದಿಲ್ಲವಾದ್ದರಿಂದ ಡಿವಿಡಿಸ್ಟೈಲರ್‌ನಂಥ ತಂತ್ರಾಂಶ ಬಳಸಬೇಕು. 4.7 ಜಿಬಿ ಎಂದರೆ 37.6 ಶತಕೋಟಿ ಬಿಟ್; 150 ನಿಮಿಷದ, ಅಂದರೆ 9000 ಸೆಕೆಂಡಿನ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 4.18 ಮೆಗಾಬಿಟ್ ಸಿಗುತ್ತದೆ. ಧ್ವನಿಗೆ 0.448 ಕಳೆದು, ಮೆನು ಮುಂತಾದ ಇತರ ದತ್ತಾಂಶಕ್ಕೆ ಸ್ವಲ್ಪ ಬಿಟ್ಟರೆ ಚಿತ್ರಕ್ಕೆ ಉಳಿಯುವುದು ಸುಮಾರು 3.5. ಡಿವಿಡಿಯಲ್ಲಿ ಚಿತ್ರಕ್ಕೆ 9.8 ಮೆಗಾಬಿಟ್‌ವರೆಗೆ ಅವಕಾಶವಿದೆ ಎಂಬುದನ್ನು ನೆನೆದರೆ ಇದು ಇಕ್ಕಟ್ಟು. ಮೂಲ 8.5 ಜಿಬಿಯ ಡಿಸ್ಕಾಗಿದ್ದರೆ ಅದನ್ನು ಹಿಂಡುವ ಬದಲು ಎರಡು ಪದರದ ಖಾಲಿ ಡಿಸ್ಕನ್ನೇ ಕೊಂಡು ಐಎಸ್‌ಒ ಕಡತವನ್ನು ಹಾಗೆಯೇ ಬರೆಯಿರಿ.

ಧ್ವನಿ, ಅಡಿಬರಹ, ಕೊನೆಯ ತಪಾಸಣೆ

ಧ್ವನಿಯನ್ನು ಮುಟ್ಟಬೇಡಿ. ಡಿಸ್ಕಿನ ಡಾಲ್ಬಿ ಡಿಜಿಟಲ್ ಧ್ವನಿ ಹೆಚ್ಚೆಂದರೆ 448 ಕಿಲೋಬಿಟ್; ಅದನ್ನು ‘ಪಾಸ್‌ಥ್ರೂ’ ಎಂದು ಆರಿಸಿ ಹಾಗೆಯೇ ಸಾಗಿಸಿದರೆ ಕಡತಕ್ಕೆ ಆಗುವ ಹೊರೆ ಸಣ್ಣದು. ಮೊಬೈಲಿನಲ್ಲಿ ನೋಡುವವರಿಗಾಗಿ 160 ಕಿಲೋಬಿಟ್‌ನ ಎಎಸಿ ಸ್ಟೀರಿಯೊ ಪಥವೊಂದನ್ನು ಜೊತೆಗೆ ಸೇರಿಸಬಹುದು. ಅಡಿಬರಹಗಳನ್ನು ಚಿತ್ರದ ಮೇಲೆ ಅಚ್ಚೊತ್ತದೆ ಪ್ರತ್ಯೇಕ ಪಥವಾಗಿಡಿ. ಹೊರನಾಡಿನಲ್ಲಿ ಬೆಳೆದ ಮೊಮ್ಮಕ್ಕಳು ಅದನ್ನು ಹಾಕಿಕೊಂಡು ನೋಡುತ್ತಾರೆ, ಅಜ್ಜ ತೆಗೆದು ನೋಡುತ್ತಾರೆ. ಇದೆಲ್ಲಕ್ಕೂ ಎಂಪಿ4ಗಿಂತ ಎಂಕೆವಿ ಕಡತ ಅನುಕೂಲ. ಡಿಸ್ಕಿನ ಚಿತ್ರರೂಪದ ಅಡಿಬರಹಗಳನ್ನು ಅದು ತೊಡಕಿಲ್ಲದೆ ಹಿಡಿದಿಡುತ್ತದೆ.

ಕಡತ ಸಿದ್ಧವಾದ ಮೇಲೆ ಆರಂಭ, ಮಧ್ಯಂತರದ ಆಚೀಚೆ, ಕೊನೆಯ ಹತ್ತು ನಿಮಿಷ ಈ ಮೂರು ಕಡೆ ತುಟಿಯ ಚಲನೆಗೂ ಮಾತಿಗೂ ಹೊಂದಿಕೆಯಿದೆಯೇ ನೋಡಿ. ಗೀರುಬಿದ್ದ ಡಿಸ್ಕಿನಲ್ಲಿ ಓದಲಾಗದ ಭಾಗದ ನಂತರ ಧ್ವನಿ ಹಿಂದೆ ಮುಂದೆ ಸರಿಯುವುದುಂಟು, ಅದು ಕೊನೆಯಲ್ಲೇ ಗೊತ್ತಾಗುವುದು. ನಾನು ಪ್ರತಿ ಚಿತ್ರದ ಫೋಲ್ಡರಿನಲ್ಲಿ ಒಂದು ಸಣ್ಣ ಪಠ್ಯ ಕಡತವಿಟ್ಟು ಡಿಸ್ಕಿನ ಬಗೆ, ಪಾಲೋ ಎನ್‌ಟಿಎಸ್‌ಸಿಯೋ, ಹಾಕಿದ ಶೋಧಕ, ಆರ್‌ಎಫ್ ಅಂಕಿ, ಟ್ಯೂನ್, ಎನ್‌ಕೋಡ್ ಮಾಡಿದ ದಿನಾಂಕ ಇಷ್ಟನ್ನು ಬರೆದಿಡುತ್ತೇನೆ. ಅದೇ ಚಿತ್ರದ ಇನ್ನೂ ಒಳ್ಳೆಯ ಡಿಸ್ಕ್ ಮುಂದೆಂದಾದರೂ ಕೈಗೆ ಬಂದರೆ, ಹಳೆಯ ಪ್ರತಿಯನ್ನು ಬದಲಿಸಬೇಕೇ ಬೇಡವೇ ಎಂದು ಐದು ನಿಮಿಷದಲ್ಲಿ ತೀರ್ಮಾನಿಸಲು ಅಷ್ಟು ವಿವರ ಸಾಕಾಗುತ್ತದೆ.